ಸಂಕರ್ಷಣ ರಾಯರ ಹೈ ಪ್ರೆಸ್ಸಿಂಗ್

ಸಂಕರ್ಷಣ ರಾಯರು ಜನ್ಮದಲ್ಲಿ ಫುಟ್‌ಬಾಲನ್ನು ಕಾಲಿನಿಂದ ಮುಟ್ಟಿದವರಲ್ಲ. ಒಮ್ಮೆ ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಯಾರೋ ಒದ್ದ ಚೆಂಡು ಅವರ ಬೆನ್ನಿಗೆ ಬಡಿದದ್ದುಂಟು. ಆ ಆಟಕ್ಕೂ ಅವರಿಗೂ ಇದ್ದ ಸಂಬಂಧ ಅಷ್ಟೇ. ಅಂಥವರು ೨೦೧೧ರ ಬೇಸಗೆಯಲ್ಲಿ ಇಂಗ್ಲೆಂಡಿನ ಒಂದು ಕೆಳದರ್ಜೆಯ ತಂಡಕ್ಕೆ ಮ್ಯಾನೇಜರ್ ಆಗಿ, ನೋಡನೋಡುತ್ತಿದ್ದಂತೆ ಅದನ್ನು ಮೇಲಿನ ದರ್ಜೆಗೆ ಏರಿಸಿದರು. ಇದೆಲ್ಲ ನಡೆದದ್ದು ಅವರ ಮನೆಯ ಹಾಲಿನಲ್ಲಿ, ಬನಿಯನ್ನು ಮತ್ತು ಪಂಚೆಯಲ್ಲಿ, ಕಂಪ್ಯೂಟರಿನ ಮುಂದೆ.

ಮಗ ಅಕ್ಷಿತ್ ಇಂಜಿನಿಯರಿಂಗ್ ಓದಲು ಪುಣೆಗೆ ಹೋಗುವಾಗ ಹಳೆಯ ಕಂಪ್ಯೂಟರನ್ನೂ ಅದರೊಳಗಿನ ಆಟವನ್ನೂ ಮನೆಯಲ್ಲಿ ಬಿಟ್ಟುಹೋಗಿದ್ದ. ಈ ಆಟದಲ್ಲಿ ಚೆಂಡು ಒದೆಯುವ ಕೆಲಸವಿಲ್ಲ. ತಂಡ ನಡೆಸಬೇಕು. ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಯಾರು ಎಲ್ಲಿ ನಿಲ್ಲಬೇಕೆಂದು ಅಪ್ಪಣೆ ಕೊಡಬೇಕು. ಆಮೇಲೆ ಪರದೆಯ ಮೇಲೆ ಓಡಾಡುವ ಚುಕ್ಕೆಗಳನ್ನು ನೋಡುತ್ತ ಕೂಗಾಡಬೇಕು. ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿ ದುಡಿದು, ಪ್ಯೂನಿಗೂ ಗಟ್ಟಿಯಾಗಿ ಒಂದು ಮಾತು ಹೇಳದ ಮನುಷ್ಯನಿಗೆ ಹೇಳಿದಂತೆ ಕೇಳುವ ಹನ್ನೊಂದು ಮಂದಿ ಒಮ್ಮೆಲೇ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನಾನು, ಅಂದರೆ ಮಹಾದೇವಪ್ಪ, ಧಾರವಾಡದ ಕಡೆಯವನು. ಅದೇ ಕಚೇರಿ, ಅದೇ ಕಟ್ಟಡ, ಅವರ ಕೆಳಗಿನ ಮನೆ. ರಾಯರ ತಂಡ ಗೋಲು ಹೊಡೆದಾಗಲೆಲ್ಲ ನಮ್ಮ ಮನೆಯ ಸೂರಿನಿಂದ ಸುಣ್ಣ ಉದುರುತ್ತಿತ್ತು.

ಅವರ ಗೆಲುವಿನ ಗುಟ್ಟನ್ನು ಒಂದು ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ, ನನ್ನ ಕಾಲಿನ ಮೇಲೆ ಯಾರೋ ನಿಂತಿದ್ದಾಗ, ನನಗೆ ಬಿಡಿಸಿ ಹೇಳಿದರು.

“ಎಲ್ಲರೂ ಎಂತ ಮಾಡ್ತಾರೆ ಗೊತ್ತುಂಟಾ ಮಾದೇವಪ್ಪನವರೇ? ಚೆಂಡು ಕೈತಪ್ಪಿದ ಕೂಡ್ಲೆ ಹಿಂದೆ ಓಡಿ ತಮ್ಮ ಗೋಲಿನ ಹತ್ರ ಕಾಯ್ತಾ ನಿಲ್ತಾರೆ. ನಂದು ಹಾಗಲ್ಲ. ಎಲ್ಲರನ್ನೂ ಮುಂದೆ ಕಳಿಸುದು! ಎದುರಿನವನ ಕಾಲಿಗೆ ಚೆಂಡು ಬಂತಾ, ಮೂರು ಜನ ಅವನ ಮೈಮೇಲೆ. ಉಸಿರು ಬಿಡ್ಲಿಕ್ಕೆ ಪುರುಸೊತ್ತು ಕೊಡ್ಬಾರ್ದು. ಗಾಬರಿಯಲ್ಲಿ ಅವನೇ ತಪ್ಪು ಮಾಡ್ತಾನೆ, ಅವನ ಗೋಲಿನ ಬಾಗಿಲಲ್ಲೇ ನಮಗೆ ಚೆಂಡು ಸಿಗ್ತದೆ. ಇದಕ್ಕೆ ಹೈ ಪ್ರೆಸ್ಸಿಂಗ್ ಅಂತ ಹೆಸರು.”

“ಎಲ್ಲಾರೂ ಮುಂದ್ ಹೋದ್ರ ಹಿಂದ ಯಾರ್ ಇರ್ತಾರ್ರೀ ರಾಯರ?”

“ಯಾರೂ ಇಲ್ಲ. ಚೆಂಡು ಹಿಂದೆ ಬಂದ್ರೆ ಅಲ್ವಾ ಜನ ಬೇಕಾಗುದು?”

“ಅಕಸ್ಮಾತ್ ಅವರು ನಿಮ್ಮ ತಲಿ ಮ್ಯಾಲಿಂದ ಒದ್ದ್ರ?”

ರಾಯರು ದಿವಾ ಸ್ಟೇಷನ್ನಿನಲ್ಲಿ ಹತ್ತಲು ನುಗ್ಗುತ್ತಿದ್ದ ಜನರನ್ನು ತೋರಿಸಿ ಮಾತು ಬದಲಿಸಿದರು. ಅದಕ್ಕೆ ಕಾರಣವಿತ್ತು. ಅವರ ತಂಡ ಗೆದ್ದಷ್ಟೇ ಧಾರಾಳವಾಗಿ ಸೋಲುತ್ತಲೂ ಇತ್ತು. ಮೊದಲರ್ಧದಲ್ಲಿ ಎದುರಾಳಿಗಳು ದಿಕ್ಕೆಟ್ಟು ನಾಲ್ಕು ಗೋಲು ಬಿಟ್ಟುಕೊಡುವರು. ಎರಡನೆಯ ಅರ್ಧದಲ್ಲಿ ಓಡಿ ಓಡಿ ಬೆವರಿದ ರಾಯರ ಹುಡುಗರು ಕಾಲೆಳೆಯಲು ಶುರುಮಾಡುವರು. ಆಗ ಎದುರಿನವರು ಚೆಂಡನ್ನು ಎಲ್ಲರ ತಲೆಯ ಮೇಲಿಂದ ಹಿಂದಿನ ಖಾಲಿ ಮೈದಾನಕ್ಕೆ ಒದೆಯುವರು. ಯಾವನೋ ಒಬ್ಬ ಒಂಟಿಯಾಗಿ ಓಡಿಹೋಗಿ ಗೋಲು ಹಾಕಿ ಬರುವನು. ರಾಯರ ಗೋಲ್‌ಕೀಪರ್ ಕೂಡ ಒತ್ತಡ ಹೇರಲು ಅರ್ಧ ಮೈದಾನದ ತನಕ ಬಂದಿರುತ್ತಿದ್ದ. ಹೀಗೆ ಐದು–ನಾಲ್ಕರಲ್ಲಿ ಸೋತಾಗ ರಾಯರು ಹೇಳುತ್ತಿದ್ದದ್ದು ಒಂದೇ ಮಾತು: “ನಾವು ಹೊಡೆದ ನಾಲ್ಕು ನೋಡಿ ಮಾರಾಯ್ರೆ!”

ಇದು ಕಂಪ್ಯೂಟರಿನೊಳಗೇ ಉಳಿದಿದ್ದರೆ ನನಗೆ ಸುಣ್ಣದ ತೊಂದರೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆದರೆ ರಾಯರಿಗೆ ಒಬ್ಬ ತಮ್ಮನಿದ್ದ. ಸುದರ್ಶನ, ಮೂವತ್ತನಾಲ್ಕು ವಯಸ್ಸು, ಠಾಣೆ ಸ್ಟೇಷನ್ನಿನ ಬಳಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಪಾರ್ಟ್ನರ್. ತಂದೆ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಉಡುಪಿಯಿಂದ ಕರೆತಂದು ಸಾಕಿ ಬೆಳೆಸಿದವರು ರಾಯರೇ. ಹುಡುಗ ಬಂಗಾರದಂಥವನು, ಮಾತು ಕಡಿಮೆ. ಆದರೆ ಬಂದ ಸಂಬಂಧಗಳೆಲ್ಲ “ಹುಡುಗ ಒಳ್ಳೆಯವನೇ, ಆದರೆ ಹೋಟೆಲು…” ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು. ಈಗ ನವಿ ಮುಂಬಯಿಯ ಸೀವುಡ್ಸ್‌ನಿಂದ ನಿಶಾ ಎಂಬ ಹುಡುಗಿಯ ಜಾತಕ ಬಂದು ಕೂಡಿತ್ತು. ಬೇಲಾಪುರದಲ್ಲಿ ನೌಕರಿ. ಫೋಟೋ ನೋಡಿದ ಸುದರ್ಶನ ಜೀವಮಾನದಲ್ಲಿ ಮೊದಲ ಸಲ ತಾನಾಗಿಯೇ ಅತ್ತಿಗೆಯನ್ನು ಕೇಳಿದ್ದ: “ಅವರದ್ದು ಏನಾದ್ರೂ ಫೋನ್ ಬಂತಾ?” ಈ ಒಂದು ಪ್ರಶ್ನೆಗೆ ರಾಯರ ಹೆಂಡತಿ ಮುಕ್ತಾ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರಂತೆ.

ರಾಯರು ಹಿಂದಿನ ಸಂಬಂಧಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ ಒಂದು ತೀರ್ಮಾನಕ್ಕೆ ಬಂದರು. ತಪ್ಪು ಹೋಟೆಲಿನದ್ದಲ್ಲ. ತಪ್ಪು ಆಡುವ ಪದ್ಧತಿಯದ್ದು.

“ನಾವು ಹೋಗುದು, ಸಜ್ಜಿಗೆ ತಿನ್ನುದು, ‘ತಿಳಿಸ್ತೇವೆ’ ಅಂತ ಅವರು ಹೇಳುದು, ನಾವು ಮನೆಗೆ ಬಂದು ಕಾಯುದು. ಚೆಂಡು ಯಾರ ಹತ್ರ? ಅವರ ಹತ್ರ! ಈ ಸರ್ತಿ ಉಸಿರು ಬಿಡ್ಲಿಕ್ಕೆ ಬಿಡ್ಬಾರ್ದು. ಅವರ ಹಾಲಲ್ಲೇ ಒಪ್ಪಿಸಿ ಬರುದು.”

ಹೀಗಾಗಿ ಒಂದು ಶನಿವಾರ ಸಂಜೆ ರಾಯರ ಮನೆಯಲ್ಲಿ ತಂಡದ ಸಭೆ ಸೇರಿತು. ನಾನಿದ್ದುದರಿಂದ ಅವರು ತುಳು ಬಿಟ್ಟು ಕನ್ನಡದಲ್ಲೇ ಮಾತಾಡಿದರು. ರಾಯರು, ಮುಕ್ತಾ, ಸುದರ್ಶನ, ರಾಯರ ತಾಯಿ ಜಲಜಾಕ್ಷಮ್ಮ, ಕಾಮೋಠೆಯಿಂದ ಸೋದರಮಾವ ಕಿಟ್ಟಣ್ಣ ದಂಪತಿ, ಕಲ್ಯಾಣದ ತಂಗಿ ಮತ್ತು ಅವಳ ಗಂಡ, ಹೋಟೆಲಿನ ಇನ್ನೊಬ್ಬ ಪಾರ್ಟ್ನರ್ ಮತ್ತು ಅವರ ಹೆಂಡತಿ. ಒಟ್ಟು ಹತ್ತು. ರಾಯರ ಕಣ್ಣು ನನ್ನ ಮೇಲೆ ಬಿತ್ತು.

“ನಾ ಎದಕ್ರೀ ನಿಮ್ಮ ಹೆಣ್ಣು ನೋಡಾಕ? ನಮ್ಮ ಮಠಾನ ಬ್ಯಾರೆ,” ಎಂದೆ.

“ನೀವು ಲೆಫ್ಟ್ ಬ್ಯಾಕ್, ಎಡಬದಿಯ ಹಿಂದಿನವರು,” ಎಂದು ಅವರು ನನ್ನ ಧರ್ಮಸಂಕಟವನ್ನು ಬಗೆಹರಿಸಿದರು.

ಏರುಗಂಟಲಿನ ಕಿಟ್ಟಣ್ಣ ಮುಂಪಡೆಯ ನಾಯಕ. ಹುಡುಗಿಯ ಅಪ್ಪನ ಪಕ್ಕದಲ್ಲೇ ಕುಳಿತು ಎಡೆಬಿಡದೆ ಕೇಳುವುದು ಅವರ ಕೆಲಸ. ತಂಗಿ ನೇರ ಅಡುಗೆಮನೆಗೆ ನುಗ್ಗಿ ತಾಯಿಯನ್ನು ಹಿಡಿಯಬೇಕು. ಹುಡುಗಿ ಹೊರಬಂದ ಕೂಡಲೆ ಎಲ್ಲರೂ ಒಂದೊಂದು ಪ್ರಶ್ನೆ ಕೇಳಲೇಬೇಕು. ಮೌನ ಬಿದ್ದರೆ ಎದುರಿನವರಿಗೆ ಯೋಚನೆ ಮಾಡಲು ಜಾಗ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೆ ಮುಕ್ತಾ ಮೆಲ್ಲನೆ ಕೇಳಿದರು, “ಅವರ ಕಡೆಯವರು ಯಾರಾದ್ರೂ ಇಲ್ಲಿಗೆ ವಿಚಾರಿಸ್ಲಿಕ್ಕೆ ಬಂದ್ರೆ? ಮನೆಯಲ್ಲಿ ಒಬ್ಬರಾದ್ರೂ ಬೇಡ್ವಾ?”

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಊರು ಬಿಟ್ಟು ಮುಂಬಯಿಯ ಈ ತುದಿಗೆ ಬಂದು ಎಷ್ಟು ತಲೆಮಾರಾದರೂ, ಹುಡುಗಿಯ ಕಡೆಯವರು ಒಬ್ಬ ನೆಂಟನನ್ನು ಗುಟ್ಟಾಗಿ ಹುಡುಗನ ಬಿಲ್ಡಿಂಗಿಗೆ ಕಳಿಸಿ ಅಕ್ಕಪಕ್ಕದಲ್ಲಿ ಕೇಳಿಸುವುದನ್ನು ಬಿಟ್ಟಿಲ್ಲ. ಜಾತಕ ಸುಳ್ಳು ಹೇಳಬಹುದು, ಪಕ್ಕದ ಮನೆಯವರು ಹೇಳುವುದಿಲ್ಲ ಎಂಬ ನಂಬಿಕೆ. ಇದು ಗೊತ್ತಿರುವ ಹುಡುಗನ ಮನೆಯವರು ಒಬ್ಬ ಹಿರಿಯರನ್ನು ಮನೆಯಲ್ಲಿ ಕಾವಲಿಗೆ ಬಿಟ್ಟಿರುತ್ತಾರೆ. ಬಂದವನನ್ನು ಪಕ್ಕದ ಮನೆಯ ಬಾಗಿಲು ತಟ್ಟುವ ಮೊದಲೇ ಒಳಗೆ ಕರೆದು ಕಾಫಿ ಕೊಟ್ಟು ಕಳಿಸುವುದು ಅವರ ಜವಾಬ್ದಾರಿ.

“ಅತ್ತೆಯಾದ್ರೂ ಇರ್ಲಿ,” ಎಂದರು ಮುಕ್ತಾ.

“ಅಮ್ಮ ನಮ್ಮ ಗೋಲ್‌ಕೀಪರ್. ನನ್ನ ಪದ್ಧತಿಯಲ್ಲಿ ಗೋಲ್‌ಕೀಪರೂ ಮುಂದೆ ಬರುದು.”

“ನಂಗೆ ಮೊಣಕಾಲು ನೋವು ಮಗಾ,” ಎಂದರು ಜಲಜಾಕ್ಷಮ್ಮ. ತಂಡದಲ್ಲಿ ಈ ತೆರನ ದೂರು ಪ್ರತಿ ವಾರ ಕೇಳಿ ರೂಢಿಯಿದ್ದ ರಾಯರು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯ ಕೀಲಿಕೈ ಪಕ್ಕದ ಮನೆಯ ಚಂದ್ರಬಾಯಿಯ ಕೈಸೇರಿತು.

ಭಾನುವಾರ ನಾವು ಹನ್ನೊಂದು ಮಂದಿ ಠಾಣೆಯಲ್ಲಿ ಟ್ರೇನು ಬದಲಿಸಿ ಸೀವುಡ್ಸ್‌ನಲ್ಲಿ ಇಳಿದು, ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಹುಡುಗಿಯ ಮನೆಯ ಗಂಟೆ ಒತ್ತಿದೆವು. ಬಾಗಿಲು ತೆಗೆದವರು ಹುಡುಗಿಯ ತಂದೆ, ನಿವೃತ್ತ ಬ್ಯಾಂಕ್ ಅಧಿಕಾರಿ ವಾದಿರಾಜ ರಾಯರು. ಅರ್ಧ ಮುಖಕ್ಕೆ ಶೇವಿಂಗ್ ಸೋಪಿನ ನೊರೆ. “ನಾಲ್ಕು ಜನ ಅಂತ…” ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಕಿಟ್ಟಣ್ಣ ಅವರನ್ನು ಹೆಗಲಿಗೆ ಕೈಹಾಕಿ ಅವರದೇ ಸೋಫಾದಲ್ಲಿ ಕೂರಿಸಿಬಿಟ್ಟರು.

“ಪಿಂಚಣಿ ಸರಿಯಾಗಿ ಬರ್ತದಾ? ಊರಲ್ಲಿ ಜಾಗ ಉಂಟಾ? ಮದುವೆ ಇಲ್ಲಿ ಮಾಡುದಾ ಉಡುಪಿಯಲ್ಲಾ? ಉಡುಪಿಯಲ್ಲಿ ಅಂತಾದ್ರೆ ಹಾಲ್ ಈಗಲೇ ಹಿಡೀಬೇಕು, ಹೇಳಿ, ಹೇಳಿ!”

“ಉಡುಪಿ… ಅಲ್ಲ, ಇಲ್ಲಿಯೇ…”

“ಇಲ್ಲಿಯೇ! ಒಪ್ಪಿದ್ರು!” ಎಂದು ಸಂಕರ್ಷಣ ರಾಯರು ಹಿಂದಿನಿಂದ ಕೂಗಿದರು.

ಯಾರು ಏನೇ ಹೇಳಲಿ, ಪದ್ಧತಿಯ ಶಕ್ತಿಯನ್ನು ನಾನು ಆ ಹೊತ್ತು ಕಣ್ಣಾರೆ ಕಂಡೆ. ಹುಡುಗಿಯ ತಾಯಿ ಗಡಿಬಿಡಿಯಲ್ಲಿ ಖಾರದ ಸಜ್ಜಿಗೆಗೆ ಸಕ್ಕರೆ, ಕಾಫಿಗೆ ಉಪ್ಪು ಹಾಕಿದರು. ವಾದಿರಾಜ ರಾಯರು ನೊರೆ ಒರೆಸಿಕೊಳ್ಳಲೂ ಬಿಡುವಿಲ್ಲದೆ ಚೌತಿ ಕಳೆದ ಮೇಲೆ ಮದುವೆ ಎಂಬಲ್ಲಿಯವರೆಗೆ ಒಪ್ಪಿಬಿಟ್ಟರು. ನಿಶಾ ಹೊರಬಂದಳು. ಸರಳವಾಗಿ ಸಲ್ವಾರ್ ತೊಟ್ಟಿದ್ದ, ಕಣ್ಣಲ್ಲಿ ನಗು ಇದ್ದ ಹುಡುಗಿ. ಅವಳ ಮೇಲೆ ಪ್ರಶ್ನೆಗಳ ಸುರಿಮಳೆಯಾಯಿತು. ಅಡುಗೆ ಬರ್ತದಾ, ಸಂಬಳ ಯಾರ ಕೈಗೆ, ತುಳು ಬರ್ತದಾ, ದೇವರ ನಾಮ ಹೇಳ್ತೀಯಾ. ಅವಳು ಹಿಂದಿಯಲ್ಲಿ ಎರಡೆರಡು ಶಬ್ದದ ಉತ್ತರ ಕೊಡುತ್ತ ಹೋದಳು. ನನ್ನ ಸರದಿ ಬಂದಾಗ ಏನೂ ತೋಚದೆ, “ದಿನಾ ಟ್ರೇನಿನ್ಯಾಗ ಸೀಟ್ ಸಿಗತೈತೇನವಾ?” ಎಂದೆ. ಅವಳು ನಕ್ಕು ತಲೆಯಾಡಿಸಿದಳು. ಸುದರ್ಶನ ಮಾತ್ರ ಹೊಸ ಅಂಗಿಯಲ್ಲಿ ಬೆವರುತ್ತ ಕುಳಿತಿದ್ದ. ಎರಡು ಸಲ ಅವನು ಬಾಯಿ ತೆರೆದ. ಎರಡೂ ಸಲ ಕಿಟ್ಟಣ್ಣ ನಡುವೆ ಹಾರಿದರು.

ಆಮೇಲೆ ದ್ವಿತೀಯಾರ್ಧ ಶುರುವಾಯಿತು. ಸೆಖೆ. ಒಂದು ಫ್ಯಾನು, ಅಷ್ಟೂ ಜನ. ಉಪ್ಪಿನ ಕಾಫಿ ಕುಡಿದ ಕಿಟ್ಟಣ್ಣ ಸೋಫಾಕ್ಕೆ ಒರಗಿ ಗೊರಕೆ ಹೊಡೆಯತೊಡಗಿದರು. ತಂಗಿಯೂ ಪಾರ್ಟ್ನರನ ಹೆಂಡತಿಯೂ ಮದುವೆಗೆ ಯಾವ ಹಾಲ್ ಒಳ್ಳೆಯದೆಂದು ಜಗಳಕ್ಕೆ ಬಿದ್ದರು. ಜಲಜಾಕ್ಷಮ್ಮ ಕಾಲು ಚಾಚಿ ಹುಡುಗಿಯ ಹಾಸಿಗೆಯಲ್ಲೇ ಮಲಗಿದರು. ಅಷ್ಟರಲ್ಲಿ ವಾದಿರಾಜ ರಾಯರ ಫೋನು ಬಡಿದುಕೊಂಡಿತು. ಅವರು ಒಳಗೆ ಹೋದರು, ಬಹಳ ಹೊತ್ತು ಮಾತಾಡಿದರು, ಹೊರಗೆ ಬಂದಾಗ ಮುಖದಲ್ಲಿ ನೊರೆಯೂ ಇರಲಿಲ್ಲ, ನಗುವೂ ಇರಲಿಲ್ಲ.

“ಸಂಕರ್ಷಣ ರಾಯರೇ, ಒಂದು ಮಾತು ಕೇಳ್ತೇನೆ. ನಿನ್ನೆ ನೀವು ಒಬ್ಬ ಹುಡುಗನನ್ನು ಮಾರಿದ್ದು ನಿಜವಾ?”

ರಾಯರ ಮುಖ ಅರಳಿತು. ಆಟ ಬಲ್ಲ ಒಬ್ಬ ಬೀಗರು ಕೊನೆಗೂ ಸಿಕ್ಕರಲ್ಲ! “ಓ, ನಿಮಗೂ ಇದರಲ್ಲಿ ಇಂಟರೆಸ್ಟ್ ಉಂಟಾ? ಹೌದು ಮಾರಾಯ್ರೆ, ಒಳ್ಳೆ ರೇಟಿಗೆ ಹೋದ.”

“ವಯಸ್ಸೆಷ್ಟು ಅವನಿಗೆ?”

“ಹದಿನೇಳು. ಆ ವಯಸ್ಸಿನವರಿಗೇ ಡಿಮ್ಯಾಂಡು. ಬ್ರೆಜಿಲಿನಿಂದ ಅಗ್ಗಕ್ಕೆ ತಂದದ್ದು.”

ನಿಶಾಳ ತಾಯಿ ಅಡುಗೆಮನೆಯ ಬಾಗಿಲು ಹಿಡಿದು ನಿಂತರು. ನಾನು ಎದ್ದು ಏನೋ ಹೇಳಹೊರಟೆ. ಆದರೆ ಲೆಫ್ಟ್ ಬ್ಯಾಕ್ ಆಗಿ ನನ್ನನ್ನು ಇರಿಸಿದ್ದದ್ದು ಬಾಲ್ಕನಿಯಲ್ಲಿ. ನನ್ನ ಮತ್ತು ರಾಯರ ನಡುವೆ ಏಳು ಜನರ ಮೊಣಕಾಲುಗಳಿದ್ದವು.

“ಮತ್ತೆ ಕಾಲು ಮುರಿದವನೊಬ್ಬ ಇದ್ದನಂತೆ?”

“ಅವನನ್ನು ಇಟ್ಕೊಂಡು ಎಂತ ಮಾಡುದು? ಬಿಟ್ಟುಬಿಟ್ಟೆ. ದಯೆ ದಾಕ್ಷಿಣ್ಯ ನೋಡಿದ್ರೆ ಈ ಲೈನಿನಲ್ಲಿ ಮುಂದೆ ಬರ್ಲಿಕ್ಕೆ ಆಗುದಿಲ್ಲ.”

“ನಿಮ್ಮ ತಮ್ಮನಿಗೆ ಇದೆಲ್ಲ ಗೊತ್ತುಂಟಾ?”

“ಗೊತ್ತುಂಟಾ ಅಂತ ಕೇಳ್ತೀರಲ್ಲ! ಹೋಟೆಲಿಗೆ ರಜೆ ಇದ್ದಾಗ ಅವನೂ ಜತೆಯಲ್ಲಿ ಕೂತು ಹುಡುಗರನ್ನು ಆರಿಸಿ ಕೊಡ್ತಾನೆ. ಅವನ ಕಣ್ಣು ಭಾರಿ ಚುರುಕು.”

ಸ್ವಂತ ಗೋಲಿಗೆ ಇಷ್ಟು ನಿಖರವಾಗಿ ಚೆಂಡು ಒದ್ದವರನ್ನು ನಾನು ಆ ಆಟದೊಳಗೂ ನೋಡಿರಲಿಲ್ಲ. ವಾದಿರಾಜ ರಾಯರು ಬಾಗಿಲು ತೆರೆದು ಹಿಡಿದರು. ನಿಶಾಳ ತಾಯಿ ನಾವು ಅರ್ಧ ತಿಂದಿದ್ದ ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದರು. ಉಳಿದವರಿಗೆ ಯಾಕೆ ಏನು ಎಂದು ತಿಳಿಯದೆ, ನನಗೆ ಬಿಡಿಸಿ ಹೇಳಲು ಎಡೆ ಸಿಗದೆ, ನಾವು ಕಿಟ್ಟಣ್ಣನನ್ನು ಎಬ್ಬಿಸಿ, ಜಲಜಾಕ್ಷಮ್ಮನವರನ್ನು ಹಿಡಿದುಕೊಂಡು, ಮೆಟ್ಟಿಲು ಇಳಿದೆವು.

ಸೀವುಡ್ಸ್ ಪ್ಲಾಟ್‌ಫಾರ್ಮಿನಲ್ಲಿ ಸುದರ್ಶನ ಅಣ್ಣನ ಎದುರು ಬಂದು ನಿಂತ. “ಅಣ್ಣ, ಅವಳ ಹತ್ರ ನನಗೆ ಒಂದು ಮಾತು ಆಡ್ಲಿಕ್ಕೆ ಬಿಡ್ಲಿಲ್ಲ ನೀವು. ಒಂದೇ ಒಂದು.” ಅಷ್ಟು ಹೇಳಿ ಅವನು ನಮ್ಮ ಡಬ್ಬಿ ಬಿಟ್ಟು ಬೇರೆ ಡಬ್ಬಿ ಹತ್ತಿದ. ಅಣ್ಣನಿಗೆ ಅವನು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಮತ್ತು ನನಗೆ ಬಹಳ ಸಂಕಟವಾಯಿತು.

ಮನೆಗೆ ಬಂದ ಮೇಲೆ ಚಂದ್ರಬಾಯಿ ಕೀಲಿಕೈಯೊಂದಿಗೆ ವರದಿಯನ್ನೂ ಒಪ್ಪಿಸಿದಳು. ದಿವಾದಿಂದ ಹುಡುಗಿಯ ಸೋದರಮಾವ ಬಂದಿದ್ದ. ಬೀಗ ನೋಡಿ ಪಕ್ಕದ ಬಾಗಿಲು ತಟ್ಟಿದ. ಪಾಪ, ಒಳ್ಳೆಯ ಹೆಂಗಸು, ಚಹಾ ಮಾಡಿಕೊಟ್ಟು, ಗೋಡೆಯ ಆಚೆಯಿಂದ ನಿನ್ನೆಯ ತನಕ ತನಗೆ ಕೇಳಿಸಿದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದ್ದಳು. ಇವನನ್ನು ಮಾರು, ಅವನನ್ನು ಬಿಸಾಡು, ಇನ್ನೊಬ್ಬ ಹುಡುಗನನ್ನು ಅಗ್ಗದಲ್ಲಿ ಹುಡುಕು. ಆವೇಶ ಬಂದಾಗ ರಾಯರು ಕೂಗುತ್ತಿದ್ದದ್ದು ಹಿಂದಿಯಲ್ಲಿ.

“ಮೈನೇ ಝೂಟ್ ಥೋಡೀ ಬೋಲಾ ಮಹಾದೇವ್‌ಭಾವು?” ಎಂದು ಅವಳು ನನ್ನನ್ನೇ ಕೇಳಿದಳು. ಸುಳ್ಳು ಎಲ್ಲಿ ಹೇಳಿದ್ದಾಳೆಂದು ಹುಡುಕಿದರೂ ನನಗೆ ಸಿಗಲಿಲ್ಲ.

ಆ ವಾರವೆಲ್ಲ ನಮ್ಮ ಸೂರಿನಿಂದ ಸುಣ್ಣ ಉದುರಲಿಲ್ಲ. ರಾಯರು ಕಚೇರಿಯಲ್ಲಿ ಫೈಲಿನ ಮೇಲೆ ತಲೆಯಿಟ್ಟು ಕುಳಿತಿರುತ್ತಿದ್ದರು. ಸೀವುಡ್ಸ್‌ಗೆ ಫೋನು ಮಾಡಿದರೆ ಆ ಕಡೆಯವರು ಕಟ್ ಮಾಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ನನ್ನ ಮುಂದೆ ಹೇಳಿದರು, “ಅಪ್ಪ ಹೋಗುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದದ್ದು. ನಾನೇ ಅವನದ್ದು ಹಾಳು ಮಾಡಿದೆ.” ಇನ್ನು ಈ ಮನುಷ್ಯನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲವೆಂದು ನಾನು ಅವರ ಜೊತೆ ಮತ್ತೆ ಸೀವುಡ್ಸ್‌ಗೆ ಹೋಗಲು ಒಪ್ಪಿಕೊಂಡೆ.

ಹೋಗಲು ಅಂದರೆ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಲು. ಮಾರಿದ ಹುಡುಗರೆಲ್ಲ ಅದರೊಳಗೇ ಇದ್ದಾರೆಂದು ತೋರಿಸದೆ ವಾದಿರಾಜ ರಾಯರು ನಂಬುವಂತಿರಲಿಲ್ಲ. ಸುದರ್ಶನ ಬರಲಿಲ್ಲ. ಮುಕ್ತಾ ಬರಲಿಲ್ಲ, “ನಾನು ಮನೆಯಲ್ಲೇ ಇರುದು” ಎಂದುಬಿಟ್ಟರು. ಹೀಗೆ ಭಾನುವಾರ ರಾಯರು ಗೋಣಿಚೀಲದಲ್ಲಿ ಸಿಪಿಯು ಹೊತ್ತು, ನಾನು ಹಳೇ ಕಾಲದ ಡಬ್ಬಾ ಮಾನಿಟರನ್ನು ಎದೆಗವಚಿಕೊಂಡು ಲೋಕಲ್ ಹತ್ತಿದೆವು. ಠಾಣೆಯ ಸೇತುವೆಯ ಮೇಲೆ ಒಬ್ಬ ರೈಲ್ವೆ ಪೋಲೀಸ್ ನಮ್ಮನ್ನು ತಡೆದು, ಕದ್ದ ಮಾಲೇ ಎಂದು ಕೇಳಿದ. “ಲಡಕೀವಾಲೋಂ ಕೋ ದಿಖಾನಾ ಹೈ,” ಹುಡುಗಿಯ ಕಡೆಯವರಿಗೆ ತೋರಿಸಬೇಕು, ಎಂದರು ರಾಯರು. ವರದಕ್ಷಿಣೆ ಈಗ ಹುಡುಗನ ಕಡೆಯಿಂದಲೂ ಹೋಗುತ್ತದೆಯೇ ಎಂದು ಅವನು ಬೆರಗಾಗಿ ದಾರಿ ಬಿಟ್ಟ.

ವಾದಿರಾಜ ರಾಯರು ಬಾಗಿಲಿನ ಸರಪಳಿ ತೆಗೆಯದೆಯೇ ಪೂರ್ತಿ ಕಥೆ ಕೇಳಿದರು. ಮಾನಿಟರ್ ನನ್ನ ತೋಳಿನಿಂದ ಜಾರುತ್ತಿರುವುದನ್ನು ಕಂಡು ಒಳಗೆ ಬಿಟ್ಟರು. ಕಂಪ್ಯೂಟರ್ ಜೋಡಿಸಿ, ಮಾರಿಹೋದ ಬ್ರೆಜಿಲ್ ಹುಡುಗನನ್ನೂ ಕಾಲು ಮುರಿದವನನ್ನೂ ಅವರಿಗೆ ಪರದೆಯಲ್ಲಿ ತೋರಿಸಿದ್ದಾಯಿತು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಕೊನೆಗೆ, “ಇದಕ್ಕಾ ನೀವು ಅಷ್ಟು ಕೂಗುದು?” ಎಂದರು. ಅಲ್ಲಿಗೆ ಹೊರಟುಬರಬಹುದಿತ್ತು. ಆದರೆ ರಾಯರು ಒಂದು ಪಂದ್ಯ ಆಡಿ ತೋರಿಸಿದರು. ನಾಲ್ಕು–ಸೊನ್ನೆಯಲ್ಲಿ ಮುಂದಿದ್ದವರು ಐದು–ನಾಲ್ಕರಲ್ಲಿ ಸೋತರು.

“ಹಿಂದೆ ಇಬ್ಬರನ್ನು ನಿಲ್ಲಿಸಿ ಮಾರಾಯ್ರೆ!” ವಾದಿರಾಜ ರಾಯರು ತಡೆಯಲಾರದೆ ಕಿರುಚಿದರು. “ಬ್ಯಾಂಕಿನಲ್ಲಿ ಇದ್ದ ದುಡ್ಡೆಲ್ಲ ಸಾಲ ಕೊಟ್ರೆ ಮಾರನೇ ದಿನ ಕೌಂಟರಿನಲ್ಲಿ ಎಂತ ಕೊಡುದು?”

ಅವರೇ ಮೌಸ್ ಕಸಿದುಕೊಂಡು, ಇಬ್ಬರನ್ನು ಹಿಂದೆ ನಿಲ್ಲಿಸಿ, ಗೋಲ್‌ಕೀಪರನನ್ನು ಗೋಲಿನಲ್ಲಿ ಇರಿಸಿ, ಒಂದು–ಸೊನ್ನೆಯಲ್ಲಿ ಗೆದ್ದರು. ರಾಯರು ಮುಖ ಸಿಂಡರಿಸಿ, “ಇದೂ ಒಂದು ಗೆಲುವಾ?” ಎಂದರು. ಮುಂದಿನ ಪಂದ್ಯಕ್ಕೆ ಇಬ್ಬರೂ ಒಂದೇ ಕುರ್ಚಿಯ ಅರ್ಧರ್ಧದಲ್ಲಿ ಕುಳಿತಾಗ ಫೋನು ಬಂತು. ಮಗಳ ಫೋನೆಂದು ವಾದಿರಾಜ ರಾಯರು ಕಣ್ಣು ಪರದೆಯಿಂದ ತೆಗೆಯದೆ ಸ್ಪೀಕರ್ ಒತ್ತಿದರು.

“ಪಪ್ಪಾ, ಮೈ ಡೊಂಬಿವಲಿ ಮೇ ಹೂಂ.”

“ಎಂತ? ನೇರೂಳಿಗೆ ಹೋಗ್ತೇನೆ ಅಂದದ್ದಲ್ವಾ ನೀನು?”

“ಲಡಕೋಂ ಕಾ ಗೋಡೌನ್ ದೇಖನೇ ಆಯೀ ಥೀ,” ಎಂದು ಅವಳು ನಕ್ಕಳು. ಅವಳು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು. ಹುಡುಗರನ್ನು ಮಾರುವ ಮನೆ ಹೇಗಿರುತ್ತದೆಂದು ತಾನೇ ನೋಡಲು ಬಂದಿದ್ದಳು. ಬಾಗಿಲು ತೆಗೆದ ಮುಕ್ತಾ ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಸುದರ್ಶನ ಮನೆಯಲ್ಲೇ ಇದ್ದ. ಇಬ್ಬರೂ ಸಾಕಷ್ಟು ಹೊತ್ತು ಮಾತಾಡಿದ್ದರು.

“ಉಸ್ ದಿನ್ ಗ್ಯಾರಾ ಲೋಗ್ ಆಯೇ ಥೇ ಪಪ್ಪಾ. ದಸ್ ಲೋಗೋಂ ನೇ ಮುಝ್‌ಸೇ ಸವಾಲ್ ಪೂಛೇ. ಏಕ್ ನೇ ಕುಛ್ ನಹೀಂ ಪೂಛಾ. ಮುಝೇ ವಹೀ ಪಸಂದ್ ಹೈ.”

ಹನ್ನೊಂದರಲ್ಲಿ ಹತ್ತು ಮಂದಿ ಪ್ರಶ್ನೆ ಕೇಳಿದರು, ಕೇಳದವನೇ ನನಗೆ ಇಷ್ಟ ಎಂದಿದ್ದಳು ಅವಳು. ಆ ಹತ್ತರಲ್ಲಿ ನಾನೂ ಒಬ್ಬನೆಂದು ನೆನೆದು ನಾಚಿಕೆಯಾಯಿತು. ವಾದಿರಾಜ ರಾಯರು ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಅವರ ಹೆಂಡತಿ ಆಗಲಿ ಎಂಬಂತೆ ತಲೆಯಾಡಿಸಿದರು. “ನಿನ್ನಿಷ್ಟ ಮಗಾ,” ಎಂದರು ವಾದಿರಾಜ ರಾಯರು. ಅವಳು ಸಂಕರ್ಷಣ ರಾಯರಿಗೆ ಕೊಡಿ ಎಂದಳು.

ರಾಯರು ಎ‌ದ್ದು ನಿಂತು ಎರಡೂ ಕೈಯಲ್ಲಿ ಫೋನು ಹಿಡಿದರು.

“ಭಾವ,” ಎಂದಳು ನಿಶಾ, ಆ ಒಂದು ಶಬ್ದ ಮಾತ್ರ ಹಿಂದಿಯದ್ದಲ್ಲ. “ಏಕ್ ರಿಕ್ವೆಸ್ಟ್ ಹೈ. ಶಾದೀ ತಕ್ ಆಪ್ ಪ್ಲೀಸ್ ಘರ್ ಪರ್ ಹೀ ರಹಿಯೇ. ಹಮಾರೇ ಯಹಾಂ ಮತ್ ಆಯಿಯೇ.”

ಮದುವೆಯವರೆಗೆ ದಯವಿಟ್ಟು ನಮ್ಮ ಮನೆ ಕಡೆ ಬರಬೇಡಿ ಎಂದು ಇಷ್ಟು ಬಿಚ್ಚಿ ಹೇಳಿದ್ದಕ್ಕೆ ರಾಯರಿಗೆ ಎಲ್ಲಿ ಬೇಸರವಾಯಿತೋ ಎಂದು ನಾನು ಅವರ ಮುಖ ನೋಡಿದೆ. ಅವರು ಅಳುತ್ತಿದ್ದರು. ಕೈವಸ್ತ್ರ ಸಿಗದೆ ಗೋಣಿಚೀಲದ ಅಂಚಿನಿಂದಲೇ ಕಣ್ಣೊರೆಸಿಕೊಂಡರು.

“ಕೇಳಿದ್ರಾ ಮಾದೇವಪ್ಪನವರೇ? ಭಾವ ಅಂದ್ಲು. ನನ್ನನ್ನು ಭಾವ ಅಂದ್ಲು!”

ನನ್ನ ಕಣ್ಣೂ ತುಂಬಿತು, ಅದನ್ನು ಮುಚ್ಚಿಡುವುದೇಕೆ? ಆ ಹುಡುಗಿ ಹೇಳಿದ ಉಳಿದ ಮಾತು ಯಾವುದೂ ಅವರ ಕಿವಿಗೆ ಬಿದ್ದಿರಲಿಲ್ಲ. ಅವರು ಮೂಗು ಒರೆಸಿಕೊಂಡು, ಮತ್ತೆ ಅರ್ಧ ಕುರ್ಚಿಯಲ್ಲಿ ಕುಳಿತು, ವಾದಿರಾಜ ರಾಯರ ತೊಡೆಯ ಮೇಲೆ ಕೈಯಿಟ್ಟು ಕೇಳಿದರು:

“ಹಾಗಾದ್ರೆ ನಿಶ್ಚಿತಾರ್ಥಕ್ಕೆ ನಾವು ಎಷ್ಟು ಜನ ಬರುದು?”